ಷರಾ

ಗೋಣಿಕೊಪ್ಪದ ಗೋದಾಮಿನಲ್ಲಿ ಅಪ್ಪನ ಕೈಗೊಂದು ಕೊಳವೆ ಇತ್ತು,
ಒಂದು ಗೇಣು ಕಬ್ಬಿಣ, ತುದಿ ಓರೆಗೆ ಕೊಯ್ದದ್ದು.
ಮೂಟೆಯ ಬಾಯಿ ಬಿಚ್ಚಿ ತೋರಿಸುವವರನ್ನು ಅಪ್ಪ ನಂಬುತ್ತಿರಲಿಲ್ಲ.
"ಮೇಲಿನ ಸೇರು ಎಲ್ಲರದ್ದೂ ಒಳ್ಳೆಮೆಣಸೇ" ಅನ್ನುತ್ತ
ನಡುಹೊಟ್ಟೆಗೆ ಚುಚ್ಚಿ, ಅಂಗೈಗೆ ಸುರಿದುಕೊಂಡು,
ಒಂದೆರಡು ಕಾಳು ಹಲ್ಲಿಗೆ ಕೊಟ್ಟು ಸುಮ್ಮನೆ ನಿಲ್ಲುತ್ತಿದ್ದ.
ಪಪ್ಪಾಯಿ ಬೀಜ ಸಿಕ್ಕರೆ ಬಾಯಿ ಬಿಡಬೇಕಿರಲಿಲ್ಲ,
ಮುಖವೇ ಹೇಳುತ್ತಿತ್ತು.

ನಾನು ಲಾ ಓದಿದೆ.
ಮಡಿಕೇರಿಯ ಸಂಜೆ ಕಾಲೇಜಿನಲ್ಲಿ ನಾಲ್ಕು ವರ್ಷ
ಕರಾರು ಕಾಯಿದೆ ಪಾಠ ಮಾಡಿದೆ,
ಆಮೇಲೆ ಎರವಲು ಸೇವೆಯೆಂದು ಮುಂಬಯಿಗೆ:
ಹದಿನೇಳನೇ ಮಹಡಿ, ಕಿಟಕಿಯಾಚೆ ಹಡಗುಗಳು,
ಮೇಜಿನ ಮೇಲೆ ಊರೂರಿನ ಬ್ಯಾಂಕುಗಳ ಹೊಟ್ಟೆ.
ಕೆಲಸ ಅದೇ. ಕೊಳವೆಯ ಬದಲು ಪೆನ್ಸಿಲು.

"ಬೊಳ್ಳಮ್ಮನ ಷರಾದಲ್ಲಿ ಹಲ್ಲಿದೆ" ಅಂದರು ಮೇಲಿನವರು.
ಸಮಿತಿಗಳಿಗೆ ಕರೆದರು.
ಕರಡಿನಲ್ಲಿ 'ಮಾಡಬಹುದು' ಇದ್ದಲ್ಲಿ 'ಮಾಡತಕ್ಕದ್ದು' ತರಲು
ಮೂರು ದಿನ ವಾದಿಸಿದ್ದೇನೆ;
ಒಂದು ಅಲ್ಪವಿರಾಮಕ್ಕಾಗಿ ಮಧ್ಯಾಹ್ನದ ಊಟ ಬಿಟ್ಟಿದ್ದೇನೆ.
ಕಂತು ತಪ್ಪಿ ತೊಂಬತ್ತು ದಿನಕ್ಕೆ ಸಾಲ ಕೆಟ್ಟಿತು ಅಂದಾಗ
ಕಾಫಿಯ ಹೂವಿನಿಂದ ಹಣ್ಣಿಗೆ
ಒಂಬತ್ತು ತಿಂಗಳಾದರೂ ಬೇಕಲ್ಲ ಸ್ವಾಮಿ, ಎಂದೆ.
ನಕ್ಕರು. ಯಾರೋ ಚಹಾ ತರಿಸಿದರು.
ನಡಾವಳಿಯಲ್ಲಿ ನನ್ನ ಮಾತಿಲ್ಲ, ಚಹಾದ ಬಿಲ್ಲಿದೆ.

ಹದಿಮೂರನೇ ವರ್ಷ ನಮ್ಮ ಕಡೆಯದೇ ಒಂದು ಕಡತ ಬಂತು.
ವಿರಾಜಪೇಟೆಯ ಪುಟ್ಟ ಬ್ಯಾಂಕು, ಎರಡೇ ಶಾಖೆ,
ಹಸಿರು ರಟ್ಟಿನ ಪಾಸ್‌ಬುಕ್ಕು.
ಮೊದಲ ಪುಟಗಳು ಒಳ್ಳೆಮೆಣಸು.
ನಡುವೆ ಚುಚ್ಚಿದೆ:
ಸತ್ತವರ ಹೆಸರಲ್ಲಿ ಸಾಲ,
ಒಂದೇ ಬಾಣೆ ಮೂರು ಸಲ ಅಡವು,
ನಿರ್ದೇಶಕರ ಭಾವಂದಿರು ಆರು ಮಂದಿ, ಕೈಬರಹ ಒಂದೇ.
ಬರೆದೆ. ನಾಲ್ಕೂವರೆ ಸಾಲು. ಸರಿಯಾಗಿಯೇ ಬರೆದೆ.
ಇವತ್ತು ಕೇಳಿದರೂ ಅದನ್ನೇ ಬರೆಯುತ್ತೇನೆ.

ಷಟರ್ ಇಳಿದ ವಾರ ರಜೆಗೆ ಬಂದಿದ್ದೆ.
ಸಾಲು ಗಡಿಯಾರ ಕಂಬ ದಾಟಿ ತಿರುವಿನವರೆಗೆ.
ಒಣಮೀನಿನ ಬುಟ್ಟಿ ಕಾಲ ಬಳಿ ಇಟ್ಟುಕೊಂಡ ಮೊಯಿದು,
ಪೆನ್ಷನ್ ಪುಸ್ತಕ ಎದೆಗವಚಿಕೊಂಡ ಹವಾಲ್ದಾರ್ ಪಳಂಗಪ್ಪ,
ತೋಟದ ಲೈನಿನಿಂದ ನಡೆದೇ ಬಂದವರು.
ತಲೆಗೆ ಸಾವಿರ, ಅದಕ್ಕಿಂತ ಹೆಚ್ಚು ಇಲ್ಲ.
ಅವರ ನಡುವೆ ಆಯಿಸಾಬಿ,
ಅಪ್ಪನ ಗೋದಾಮಿನಲ್ಲಿ ಗೋಣಿ ಹೊಲಿಯುತ್ತಿದ್ದವಳು.
"ನೀನು ಆ ದೊಡ್ಡ ಆಫೀಸಲ್ಲೇ ಅಲ್ವಾ ಮೋಳೆ?
ನಿಮ್ಮಪ್ಪ ಚುಚ್ಚಿ ತೆಗೆದ ಮೇಲೆ
ತೂತಿನ ಮೇಲೆ ಹೆಬ್ಬೆರಳು ಉಜ್ಜುತ್ತಿದ್ದರು,
ನೂಲು ನೂಲು ಕೂಡುವವರೆಗೆ.
ನೋಡಿಲ್ವಾ ನೀನು?"

ನೋಡಿದ್ದೆ.

ಎರಡು ವರ್ಷ ಕಳೆದು ಮಡಿಕೇರಿಗೆ ಮರಳಿದೆ, ಅದೇ ಕಾಲೇಜು.
ಪಶ್ಚಾತ್ತಾಪ ಅಂದುಕೊಂಡರು ಕೆಲವರು;
ಅದಕ್ಕೆ ಸೆಕ್ಷನ್ ಇಲ್ಲ. ಚೀಲ ಕೊಳೆತಿತ್ತು, ನಾನು ಚುಚ್ಚಿದ್ದು ನಿಜ,
ಇವೆರಡೂ ಒಂದೇ ಪುಟದಲ್ಲಿ ಕೂರುತ್ತವೆ.
ಆರು ಗಂಟೆಗೆ ಪಾಠ. ಫೆಬ್ರವರಿಯಲ್ಲಿ ಹಾಜರಿ ಕಮ್ಮಿ,
ಕಣದಲ್ಲಿ ಕಾಫಿ ಇರುತ್ತದೆ.
ಬಂದವರಲ್ಲಿ ಜೋಯಪ್ಪ ತೂಕಡಿಸುತ್ತಾನೆ,
ಶಫೀನ ಮೊದಲ ಬೆಂಚಿನಲ್ಲಿ ಜಗಳಕ್ಕೆ ತಯಾರು.
"ತಕ್ಕದ್ದು ಅಂದರೆ ಯಾರಿಗೆ ತಕ್ಕದ್ದು ಮೇಡಂ?"
ಮುಂಬಯಿಯ ಮೂರು ದಿನದ ವಾದದಲ್ಲಿ
ಈ ಪ್ರಶ್ನೆ ಯಾರಿಗೂ ಹೊಳೆದಿರಲಿಲ್ಲ.

ನಿನ್ನೆ ರಾತ್ರಿ ಉತ್ತರಪತ್ರಿಕೆ ನೋಡುತ್ತಿದ್ದೆ.
ಠೇವಣಿದಾರ ಎಂದರೆ ಯಾರು? ಐದು ಅಂಕ.
ಒಬ್ಬರು, ನೋಂದಣಿ ಸಂಖ್ಯೆ ಮಾತ್ರ, ಹೆಸರು ಗೊತ್ತಿಲ್ಲ,
ವ್ಯಾಖ್ಯೆ ಪೂರ್ತಿ ಬರೆದು, ಕೆಳಗೆ ಪೆನ್ಸಿಲಿನಲ್ಲಿ:
'ನನ್ನ ಅಜ್ಜಿ. ಇನ್ನೂ ಹದಿನೆಂಟು ಸಾವಿರ ಬರಬೇಕು.'
ಐದಕ್ಕೆ ಐದು ಕೊಟ್ಟೆ.
ಪಕ್ಕದಲ್ಲಿ ಷರಾ ಬರೆಯಲು ಕೆಂಪು ಪೆನ್ನು ಎತ್ತಿದವಳು
ಬರೆಯಲಿಲ್ಲ. ಹೆಬ್ಬೆರಳು ತಾನಾಗಿ ಆ ಸಾಲಿನ ಮೇಲೆ
ಆಚೆಗೂ ಈಚೆಗೂ ಆಡುತ್ತಿತ್ತು.
ಕಾಗದಕ್ಕೆ ನೂಲಿಲ್ಲ.
ಪೆನ್ಸಿಲು ಸ್ವಲ್ಪ ಹರಡಿತು.
ಓದಲು ಬರುತ್ತದೆ.